ಉತ್ತರಕ್ಕೆ ಇಲ್ಲಿ ಒತ್ತಿ

ನಾರಿನ್ ಪೇಟೆಯಲ್ಲಿ, ಬೂಟು ಹೊಲಿಯುವವನ ಪಕ್ಕ,
ನನ್ನದೊಂದು ಗೂಡಂಗಡಿ. ಒಂದು ಕಂಪ್ಯೂಟರು,
ಕೆಮ್ಮುವ ಪ್ರಿಂಟರು. ಪುಟಕ್ಕೆ ಐದು ಸೋಮ್.
ಜನ ತರುವುದು ಹೆಚ್ಚಾಗಿ ಸತ್ತವರ ಫೋಟೋ,
ಜಮೀನಿನ ಕಾಗದ, ರಷ್ಯಾಕ್ಕೆ ಹೊರಟವರ ಅರ್ಜಿ.

ಜೂನಿನ ಮೊದಲ ವಾರ ಕಂಶಾಯಿಮ್ ಬಂದಳು,
ಅಂಗೈಯಲ್ಲಿ ಬೆವರಿದ ಒಂದು ಚೀಟಿ:
ನರ್ಸಿಂಗ್ ಶಾಲೆಯ ಪ್ರವೇಶ ಪರೀಕ್ಷೆ,
ಮಾದರಿ ಪತ್ರಿಕೆ ಹನ್ನೆರಡು, ಬಿಡಿಸಿದ ಉತ್ತರ ಸಮೇತ.
"ಎಲ್ಲ ಕಾಗದಕ್ಕೆ ಇಳಿಸಿಕೊಡಿ ಅಕ್ಕ.
ಮಧ್ಯಾಹ್ನ ಟ್ರಕ್ಕು. ಸೆಪ್ಟೆಂಬರಿನ ತನಕ
ನಾವು ಮೇಲೆ, ಹುಲ್ಲುಗಾವಲಲ್ಲಿ.
ಅಲ್ಲಿ ಸಿಗ್ನಲ್ಲು ಗಿಡುಗನಿಗೂ ಸಿಗುವುದಿಲ್ಲ."

ಹೋದ ವರ್ಷ ಆರು ಅಂಕಕ್ಕೆ ತಪ್ಪಿತಂತೆ.
ಇಪ್ಪತ್ತೊಂಬತ್ತು ವಯಸ್ಸಿಗೆ ಇದೆಂಥ ಓದು ಎಂದು
ಮೈದುನ ನಗುತ್ತಾನಂತೆ.
ಅದನ್ನೂ ಹೇಳಿದಳು,
ಪುಟದ ಬೆಲೆ ಕೇಳಿದ ದನಿಯಲ್ಲೇ.

ಉತ್ತರಗಳು ಪರದೆಯ ಮೇಲೆ
ಮುಳ್ಳುಹಂದಿಯ ಹಾಗೆ ಮುದುಡಿ ಕೂತಿದ್ದವು.
ಒಂದೊಂದನ್ನೂ ಒತ್ತಬೇಕು,
ಮೈ ಬಿಡಿಸುವ ತನಕ ಕಾಯಬೇಕು,
ಆಮೇಲೆ ಉಳಿಸಬೇಕು.
ಅವಳು ಒತ್ತಿದಳು, ನಾನು ಉಳಿಸಿದೆ.
ನಡುವೆ ಎರಡು ಸಲ ಕರೆಂಟು ಹೋಯಿತು;
ಇಬ್ಬರೂ ಕತ್ತಲಲ್ಲಿ ಚಹಾ ಕುಡಿದೆವು.

ಹನ್ನೊಂದು ಮುಗಿದಿತ್ತು, ಹೊರಗೆ ಹಾರನ್ನು.
ಕಂಬಳಿ, ಕಡಾಯಿ, ಡೇರೆಯ ಕೋಲು, ಮಕ್ಕಳು,
ಎಲ್ಲದರ ಮೇಲೆ ಕೂತು ಕೈಬೀಸುವ ಅತ್ತೆ.
ಹನ್ನೆರಡನೆಯದನ್ನು ನಾನು ಹಾಗೇ ಕಳಿಸಿದೆ.
ಬಿಸಿ ಹಾಳೆಗಳನ್ನು ಎದೆಗವಚಿಕೊಂಡು ಓಡಿದಳು.
ಐವತ್ತು ಸೋಮ್ ಕಡಿಮೆ ಇತ್ತು; ಬದಲಿಗೆ
ಮೇಜಿನ ಮೇಲೆ ಒಂದು ಹಿಡಿ ಒಣಮೊಸರಿನ ಉಂಡೆ.

ರಾತ್ರಿ ಕಸ ಬಳಿಯುವಾಗ
ಸಿಕ್ಕಿಕೊಂಡು ಹರಿದಿದ್ದ ಹಾಳೆಯೊಂದು ಕಣ್ಣಿಗೆ ಬಿತ್ತು.
ಹನ್ನೆರಡನೆಯ ಪತ್ರಿಕೆ. ಪ್ರತಿ ಪ್ರಶ್ನೆಯ ಕೆಳಗೂ
ಅಚ್ಚುಕಟ್ಟಾದ ಚೌಕ, ಚೌಕದೊಳಗೆ:
ಉತ್ತರಕ್ಕೆ ಇಲ್ಲಿ ಒತ್ತಿ.
ಉತ್ತರಕ್ಕೆ ಇಲ್ಲಿ ಒತ್ತಿ.
ಮೂವತ್ತು ಸಲ.
ಒತ್ತಿ ನೋಡಿದೆ, ಯಾರೂ ಇಲ್ಲವಲ್ಲ ಎಂದು.
ಬೆರಳಿಗೆ ಮಸಿ ಅಂಟಿತು, ಅಷ್ಟೆ.

ಬೇಸಿಗೆಯೆಲ್ಲ ಆ ಉಂಡೆ ಬಾಯಿಗಿಟ್ಟಾಗ
ಉಪ್ಪು ತುಸು ಹೆಚ್ಚೇ ಅನ್ನಿಸುತ್ತಿತ್ತು.

ಕಣಿವೆಯ ದಾರಿಗೆ ಮೊದಲ ಹಿಮ ಬಿದ್ದ ದಿನ
ಬಾಗಿಲಲ್ಲಿ ಕಂಶಾಯಿಮ್,
ಕೆನ್ನೆ ಬಿರಿದು ಕೆಂಪಾಗಿ, ಹೊಗೆ ನಾರುವ ಕೋಟು.
ಹಾಳೆಗಳನ್ನು ಮೇಜಿಗೆ ಸುರಿದಳು.
ನಾಲ್ಕನೆಯ ಪತ್ರಿಕೆ ಇರಲಿಲ್ಲ:
ಮಳೆಯ ಬೆಳಗು, ಒಲೆ ಹತ್ತಲಿಲ್ಲ,
ಅತ್ತೆಗೆ ಕನ್ನಡಕ ಸಿಗಲಿಲ್ಲ.
ಏಳನೆಯದರ ಮೇಲೆ ಮರಿಯ ಗೊರಸು.

ನಾನು ಬೈಗುಳಕ್ಕೆ ತಲೆ ಕೊಟ್ಟು ನಿಂತಿದ್ದೆ.
ಅವಳು ಹನ್ನೆರಡನೆಯದನ್ನು ಬಿಡಿಸಿ ಹಿಡಿದಳು.
ಚೌಕ ಚೌಕದ ಮೇಲೂ ಬೆರಳಿನ ಗುರುತು,
ಬೆಣ್ಣೆಯದು, ಬೂದಿಯದು, ಹಾಲಿನದು.
"ಮೊದಲ ವಾರ ಒತ್ತಿದೆ," ಅಂದಳು. "ಹುಚ್ಚಿ."
ಗುರುತಿನ ಕೆಳಗೆ ಪೆನ್ಸಿಲ್ಲಿನ ಲೆಕ್ಕ,
ಅಳಿಸಿದ್ದು, ಮತ್ತೆ ಬರೆದದ್ದು,
ಜಾಗ ಸಾಲದೆ ಅಂಚಿಗೆ ಹತ್ತಿ ತಿರುಗಿದ್ದು.

"ಈಗ ತೆಗೆಯಿರಿ."

ತೆಗೆದೆ. ನಾನು ಓದಿದೆ, ಅವಳು ಗೀಟು ಹಾಕಿದಳು.
ಐದು ತಪ್ಪು. ಹದಿನೇಳಕ್ಕೆ ಬಂದಾಗ ಕೈ ನಿಂತಿತು:
ಹದಿನೈದು ಕಿಲೋದ ಮಗು,
ಕಿಲೋಗೆ ದಿನಕ್ಕೆ ನಾಲ್ಕು ಮಿಲಿಗ್ರಾಂ ಔಷಧಿ,
ದಿನಕ್ಕೆ ಎರಡು ಸಲ. ಒಂದು ಸಲಕ್ಕೆ ಎಷ್ಟು?
ಪರದೆ ಅರವತ್ತು ಅಂತಿದೆ. ಪೆನ್ಸಿಲ್ಲು, ಮೂವತ್ತು.

ಇಬ್ಬರೂ ಬೆರಳು ಮಡಚಿ ಎಣಿಸಿದೆವು.
ಬೂಟು ಹೊಲಿಯುವವನನ್ನೂ ಕರೆದೆವು.
ಅವನು ದಾರ ಹಲ್ಲಲ್ಲಿ ಕಚ್ಚಿಕೊಂಡೇ ಮೂವತ್ತು ಅಂದ.

"ಅರವತ್ತು ಕೊಟ್ಟಿದ್ದರೆ," ಅಂದಳು ಕಂಶಾಯಿಮ್,
ಮಗು ಎದುರಿಗೇ ಮಲಗಿದ ಹಾಗೆ
ದನಿ ಇಳಿಸಿ.

ಆಮೇಲೆ ಚೀಲದೊಳಗೆ ಕೈ ಹಾಕಿದಳು.
"ಆ ಪುಟ ಇಳಿಸಿಕೊಡಿ. ತಪ್ಪು ಇದ್ದ ಹಾಗೇ."
ಪ್ರಿಂಟರು ಕೆಮ್ಮಿತು. ಮಸಿ ಮುಗಿಯುತ್ತ ಬಂದು
ಅರವತ್ತು ತೀರ ಮಸುಕಾಗಿ ಬಿತ್ತು.

ಬೇಡ ಅನ್ನಬೇಕೆಂದಿದ್ದೆ.
ಅವಳು ಎಣಿಸಿ ಇಟ್ಟಳು: ಈ ಪುಟಕ್ಕೆ ಐದು,
ಜೂನಿನ ಬಾಕಿ ಐವತ್ತು.