ದವಡೆಯ ಕೈ

ಹೂಮಳೆ ಕೈಕೊಟ್ಟ ವರ್ಷ ಅದು.
ತೋಟಕ್ಕೆ ನೀರು ಹೊಡೆದೂ ಹೊಡೆದೂ ಸುಟ್ಟ ಮೋಟಾರುಗಳು
ಗೋಣಿಕೊಪ್ಪದ ನನ್ನ ಅಂಗಡಿಯ ಮುಂದೆ
ಆಸ್ಪತ್ರೆಯ ಚೀಟಿ ಹಿಡಿದವರಂತೆ ಸಾಲಾಗಿ ಕೂತಿದ್ದವು.
ಅಂಥ ಮಧ್ಯಾಹ್ನ ದೇಚಮ್ಮ ಬಂದಳು,
ಪೊನ್ನಂಪೇಟೆಯ ಕಾಲೇಜಿನ ಹುಡುಗಿ,
ರಟ್ಟಿನ ಡಬ್ಬಿಯಲ್ಲಿ ಒಂದು ಕೈ ಹೊತ್ತುಕೊಂಡು.

ಪ್ಲಾಸ್ಟಿಕ್ಕಿನ ಐದು ಬೆರಳು,
ಮೀನಿನ ಗಾಳದ ತಂಗೂಸಿಯೇ ನರ,
ಆಟಿಕೆ ಕಾರಿನಿಂದ ಕಿತ್ತ ಮೋಟಾರು,
ಹಣೆಗೆ ಕಟ್ಟಲು ಒಂದು ಪಟ್ಟಿ.
ಡಬ್ಬಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ: ಯೋಚನೆಯ ಕೈ.
"ಬರೀ ಯೋಚಿಸಿದರೆ ಸಾಕು ಅಂಕಲ್. ಮುಚ್ಚುತ್ತೆ, ತೆರೆಯುತ್ತೆ."

ಮೂವತ್ತೊಂದು ವರ್ಷ ತಾಮ್ರದ ತಂತಿ ಸುತ್ತಿದವನು ನಾನು.
ಇದೇ ಸಂತೆಯಲ್ಲಿ ಒಬ್ಬ ಕರೆಂಟು ಉಳಿಸುವ ಪೆಟ್ಟಿಗೆ ಮಾರುತ್ತಿದ್ದ;
ಬಿಚ್ಚಿ ನೋಡಿದರೆ ಒಂದು ಹಸಿರು ದೀಪ, ಹಿಡಿ ಮರಳು.
ಅಂದಿನಿಂದ ಮುಚ್ಚಿದ್ದನ್ನೆಲ್ಲ ಬಿಚ್ಚಿ ನೋಡುವ ಚಟ.
ಯೋಚನೆಗೆ ಎಷ್ಟು ಗೇಜು? ಯಾವ ಬಣ್ಣದ ವೈರು?
ಬೆಳಿಗ್ಗೆ ಎದ್ದು ಹಲ್ಲುಜ್ಜುವುದರೊಳಗೆ
ನನ್ನ ತಲೆಯಲ್ಲಿ ಹದಿನಾರು ಜನ ಜಗಳವಾಡಿರುತ್ತಾರೆ;
ಅವರಲ್ಲಿ ಯಾರ ಮಾತು ಕೇಳಬೇಕು
ಆ ಬಡಪಾಯಿ ಹೆಬ್ಬೆರಳು?

ಆದರೂ ಮೊಯ್ದುವನ್ನು ಕರೆಸಿದೆ.
ಸಾ ಮಿಲ್ಲಿನಲ್ಲಿ ಸಿಲ್ವರ್ ದಿಮ್ಮಿ ನೂಕುವಾಗ
ಬಲಗೈಯನ್ನು ಮಣಿಕಟ್ಟಿನಿಂದಾಚೆ ಬಿಟ್ಟುಬಂದವನು.
ಕೂತ, ಪಟ್ಟಿ ಕಟ್ಟಿಸಿಕೊಂಡ,
ಟೈಲರ್ ಅಳತೆ ತೆಗೆಯುವಾಗಿನ ಮುಖ ಮಾಡಿಕೊಂಡು.

"ಮುಚ್ಚು ಅಂತ ನೆನೆಸಿಕೊಳ್ಳಿ ಇಕ್ಕಾ."
ನೆನೆಸಿದ. ಕುತ್ತಿಗೆಯ ನರ ಉಬ್ಬಿತು, ಹುಬ್ಬು ಕೂಡಿತು,
ಕಿರ್ರೆಂದು ಬೆರಳುಗಳು ಮಡಚಿದವು.
ಹೊರಗೆ ಆಟೋದವರು ಚಪ್ಪಾಳೆ ಹೊಡೆದರು.

ನಾನು ಹೊಡೆಯಲಿಲ್ಲ.
ಒಂದು ಕಿತ್ತಳೆ ಸುಲಿದು ತೊಳೆ ಕೊಟ್ಟೆ:
"ಕೈಯನ್ನು ಮರೆತುಬಿಡು, ತಿನ್ನು."
ಅವನು ಜಗಿದ; ಕೈಯೂ ಜಗಿಯಿತು.
ಬೀಜ ಉಗಿದಾಗ ಅಂಗೈ ಅಗಲವಾಗಿ ತೆರೆಯಿತು.
ಆಮೇಲೆ ಮೂಲೆಯ ಮೂರು ಎಚ್‌ಪಿ ಮೋಟಾರಿನ ಸ್ವಿಚ್ಚು ಒತ್ತಿದೆ,
ಬೆರಳುಗಳು ಚಳಿಜ್ವರ ಬಂದಂತೆ ನಡುಗಿದವು.
"ನೋಡಮ್ಮ, ಇದು ಮೊಯ್ದುವಿನ ಮನಸ್ಸಿಗಿಂತ
ಚೆಸ್ಕಾಂನವರ ಮಾತು ಹೆಚ್ಚು ಕೇಳುತ್ತೆ."

ಹುಡುಗಿ ಉಗುರು ಕಚ್ಚಿದಳು.
"ಗೊತ್ತು," ಅಂದಳು ಮೆಲ್ಲಗೆ,
"ನಮ್ಮ ಮನೆಯ ಮಿಕ್ಸಿಗೂ ಹೀಗೇ ಆಡಿತ್ತು."

ಗೆದ್ದೆ ಅನ್ನಿಸಬೇಕಿತ್ತು.
ಅಷ್ಟರಲ್ಲಿ ಮೊಯ್ದು, ಯಾರಿಗೂ ಅಲ್ಲವೆಂಬಂತೆ:
"ಯೋಚಿಸಿದರೆ ಅಲ್ಲಾಡುವ ಕೈ ನನಗೆ ಮೊದಲೇ ಇದೆ.
ರಾತ್ರಿ ಮಡಚುತ್ತೇನೆ, ಬಿಡಿಸುತ್ತೇನೆ,
ಕಿರುಬೆರಳು ತುರಿಸುತ್ತೆ ಕೂಡ.
ಒಂದು ಲೋಟ ಎತ್ತೋದಕ್ಕೆ ಮಾತ್ರ ಬರಲ್ಲ ಅದಕ್ಕೆ."

ಸ್ವಿಚ್ಚು ಆರಿಸಿದೆ.
ಮೋಟಾರು ತನಗೆ ಬೇಕಾದಷ್ಟು ಹೊತ್ತು ತಿರುಗಿ ನಿಂತಿತು.

ಮುಂದಿನ ಭಾನುವಾರ, ಸಂತೆಯ ಗದ್ದಲದ ನಡುವೆ, ಮತ್ತೆ ಬಂದಳು.
ಪಟ್ಟಿ ಹಣೆಯಿಂದ ಕೆನ್ನೆಗೆ ಇಳಿದಿತ್ತು,
ವೈರಿಗೆ ಸಿಗರೇಟಿನ ತಗಡು ಸುತ್ತಿದ್ದಳು.
ಡಬ್ಬಿಯ ಮೇಲಿನ ಯೋಚನೆಗೆ ಗೀಟು ಹಾಕಿ
ಪಕ್ಕದಲ್ಲಿ ಬರೆದಿದ್ದಳು: ದವಡೆ.

ನಾನು ಜೋರಾಗಿ ಓದಿದೆ. ಮೊಯ್ದು ನಕ್ಕ.
ಕೈ ಪಟ್ಟನೆ ಮುಚ್ಚಿತು,
ನಡುವೆ ಸಿಕ್ಕಿದ ನನ್ನ ಟೆಸ್ಟರನ್ನು ಹಿಡಿದು.
ನಗು ನಿಲ್ಲುವವರೆಗೂ ವಾಪಸು ಕೊಡಲಿಲ್ಲ.