ದೊರೆತ ಸ್ಥಳ

ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆರೆದರೆ
ಆರನೆಯ ತಟ್ಟೆಯಲ್ಲಿ ಒಂದು ಬಳೆ.

ಕಡಲಪಾಚಿ ಕಾಸಿ ಹೆಪ್ಪುಗಟ್ಟಿಸಿದ ಅಗರಿನ ಮೇಲೆ
ರಾತ್ರಿಯಿಡೀ ಹುಟ್ಟಿ ಹುಟ್ಟಿ ತುಂಬಿದ
ಕೀವಿನ ಬಣ್ಣದ ಜನಜಂಗುಳಿ,
ನಡುವೆ ಯಾರೂ ಕಾಲಿಡದ ಅಂಗಳ,
ಗುಂಡಗೆ, ತಿಳಿಯಾಗಿ,
ಕೆಳಗಿನ ಮೇಜಿನ ಗೀರು ಕಾಣುವಷ್ಟು.

ಸ್ಕೇಲಿಟ್ಟೆ. ಹದಿಮೂರು ಮಿಲಿಮೀಟರು.
ಪಕ್ಕದ ತಟ್ಟೆಯಲ್ಲಿ ಕಂಪನಿಯ ಔಷಧದ್ದು ಇಪ್ಪತ್ತಾರು.
ಅದನ್ನೂ ಬರೆದುಕೊಂಡೆ.
ಸ್ಕೇಲಿಗೆ ಸುಳ್ಳು ಹೇಳಲು ಬರುವುದಿಲ್ಲ,
ನನಗೆ ಕೊಂಚ ಬರುತ್ತದೆ.

ಬೇರು ತಂದುಕೊಟ್ಟವಳು ರುಕ್ಮಾ ದುರ್ಗೇಕರ,
ಲ್ಯಾಬಿನ ಗಾಜು ತೊಳೆಯುವವಳು.
ಅದಕ್ಕೂ ಮೊದಲು ಹನ್ನೊಂದು ವರ್ಷ
ಬೈತಖೋಲದ ಐಸಿನ ಶೆಡ್ಡಿನಲ್ಲಿ ಶೆಟ್ಲಿ ಸುಲಿದವಳು.
ಶೆಟ್ಲಿಯ ಮೂತಿಮುಳ್ಳು ಉಗುರಿನ ಸಂದಿಗೆ ಹೊಕ್ಕರೆ
ಸಂಜೆಗೆ ಬೆರಳು ಬದನೆಕಾಯಿ.
"ಹತ್ತು ಜನರ ಕೈ ಒಂದೇ ಪಾತೇಲಿಯಲ್ಲಿ ಅಕ್ಕೋರೆ,
ಬೇರು ಕುದಿಸಿದ ನೀರು, ಕೆಂಪಗೆ, ಕಣ್ಣ ಚಹಾದ ಹಾಂಗೆ.
ಮೂರು ದಿನ ಅದ್ದಿದ್ರೆ ನಾಲ್ಕನೇ ದಿನ ಕೆಲಸಕ್ಕೆ.
ಶೇವಂತಿಯ ಬೆರಳು ಮಾತ್ರ ಉಳೀಲಿಲ್ಲ.
ಅವಳಿಗೆ ಸಕ್ಕರೆ ಇತ್ತು, ಯಾರಿಗೆ ಗೊತ್ತಿತ್ತು."

ಶೇವಂತಿಗೆ ಫಾರ್ಮಿನಲ್ಲಿ ಕಾಲಮ್ಮಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟೆ.

ಗಿಡದ ಹೆಸರು: ಗುಡ್ಡೇ ದಾಸಾಳ.
(ಹೆಸರಷ್ಟೇ. ದಾಸವಾಳದ ನಂಟಲ್ಲ ಅದು,
ಕಾಫಿಯ ಕುಲ. ಹೂವಿನ ತೊಟ್ಟು ಕಿತ್ತು
ನಾವೆಲ್ಲ ಜೇನು ಹೀರಿದ್ದೇವೆ.)
ಬಳಸಿದ ಭಾಗ: ಬೇರು.
ಬಗೆ: ನೀರಿನಲ್ಲಿ ಎರಡು ತಾಸು ಕುದಿಸಿ.
ದೊರೆತ ಸ್ಥಳ:

ಇಲ್ಲಿ ಪೆನ್ನು ನಿಂತಿತು.

ಅರ್ಗಾದ ಗುಡ್ಡದ್ದು ಇದು. ಆ ಗುಡ್ಡಕ್ಕೀಗ ಗೋಡೆ,
ಗೋಡೆಗೆ ತಂತಿ, ತಂತಿಯಾಚೆ ನೌಕಾನೆಲೆ.
ಬಸ್ಸು ಅಲ್ಲಿ ಹಾಯುವಾಗ ರುಕ್ಮಾ ಹೊರಗೆ ನೋಡುವುದಿಲ್ಲ,
ಟಿಕೆಟ್ಟು ಮಡಚುತ್ತಾಳೆ, ಬಿಡಿಸುತ್ತಾಳೆ, ಮಡಚುತ್ತಾಳೆ.
ಮನೆ ಬಿಟ್ಟ ದಿನ ಲಾರಿಯಲ್ಲಿ
ಅತ್ತೆ ಡಾಲ್ಡಾ ಡಬ್ಬಿಯೊಂದನ್ನು ಮಡಿಲಲ್ಲಿಟ್ಟು ಕೂತಿದ್ದಳಂತೆ.
ಹಂಡೆ ಹಿಂದಿನ ಲಾರಿಯಲ್ಲಿ ಬರಲಿ, ಇದು ನನ್ನೊಟ್ಟಿಗೆ ಅಂತ.
ಹಂಡೆ ಬರಲೇ ಇಲ್ಲ.
ಡಬ್ಬಿ ತೋಡೂರಿನ ಕಾಲನಿಯ ಸಿಮೆಂಟು ಮೆಟ್ಟಿಲ ಮೇಲೆ
ತುಕ್ಕಾಗಿ ಉದುರಿತು. ಈಗ ಬಣ್ಣದ ಬಕೆಟ್ಟು.
ಅದರಲ್ಲಿ, ಮೊಣಕಾಲೆತ್ತರ,
ಗುಡ್ಡವಿಲ್ಲದ ಗುಡ್ಡೇ ದಾಸಾಳ.

ಬೇರು ಕಡಿದರೆ ಗಿಡ ಉಳಿದೀತಾ ಎಂದು ಕೇಳಿದ್ದೆ.
"ಅರ್ಧ ನಿಮಗೆ, ಅರ್ಧ ಅದಕ್ಕೆ" ಅಂದಿದ್ದಳು.

ಹತ್ತು ಗಂಟೆಗೆ ಬಂದಳು, ಏಪ್ರನ್ ಕಟ್ಟುತ್ತ.
"ಪಾಸೋ ನಪಾಸೋ?"
ತಟ್ಟೆಯಿಂದ ಬೆರಳಿಗೆ ಬಹಳ ದೂರವಿದೆ ರುಕ್ಮಾ,
ತಟ್ಟೆಗೆ ರಕ್ತವಿಲ್ಲ, ಸಕ್ಕರೆಯಿಲ್ಲ, ಐಸಿನ ಚಳಿಯಿಲ್ಲ.
ಇನ್ನೂ ಹತ್ತು ಸಲ ನೋಡಬೇಕು ಅಂತೆಲ್ಲ ಹೇಳಿದೆ.
ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ.
ತಟ್ಟೆಯನ್ನು ಕಿಟಕಿಗೆ ಹಿಡಿದು
ಮುಚ್ಚಳದ ಮೇಲಿಂದ ಆ ತಿಳಿಜಾಗದ ಸುತ್ತ
ಬೆರಳಾಡಿಸಿದಳು, ಒಂದು ಸುತ್ತು.
"ಇಷ್ಟು ಜಾಗ ಖಾಲಿ ಮಾಡಿಸ್ತಾ ಇದು,
ನೋಟೀಸು ಕೊಡದೇ?"

ನಕ್ಕಳು. ನನಗೆ ನಗಲು ತಡವಾಯಿತು.
ಅಷ್ಟರಲ್ಲಿ ಅವಳು, ನಿಯಮದಂತೆ,
ಆರೂ ತಟ್ಟೆಗಳನ್ನು ಆಟೋಕ್ಲೇವಿಗೆ ಹಾಕಿ
ತಿರುಪು ಬಿಗಿದಳು.

ಫಾರ್ಮಿನಲ್ಲಿ ಬರೆದೆ:
ಬಕೆಟ್ಟು, ಎರಡನೇ ಮೆಟ್ಟಿಲು, ತೋಡೂರು.