ಹನ್ನೆರಡನೇ ನಿಮಿಷ

ಸೈದಾಲವಿ ಗಾಜಿನ ಮೇಲೆ ಮೂರು ಡಬ್ಬಿ ಇಟ್ಟ.
ಒಂದು, ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಒಳಗೆ ಸಿಕ್ಕಿಸುವ ಕಾರ್ಡು;
ಒಂದು ಬೆಂಕಿಪೊಟ್ಟಣದಷ್ಟು, ಬಾಲದಲ್ಲಿ ಯುಎಸ್‌ಬಿ;
ಮೂರನೆಯದು ಕಂಪ್ಯೂಟರ್ ಆರಿದ್ದರೂ ಓಡುತ್ತದಂತೆ,
ನೇರ ಮಾನಿಟರಿಗೇ.
"ಇದೇ ತಗೊಳ್ಳಿ ಚೇಟಾ, ತಲೆಬಿಸಿ ಇಲ್ಲ."

ನಾನು ಲಿಫ್ಟ್ ರಿಪೇರಿಯವನು.
ತಲೆಬಿಸಿ ಇಲ್ಲದ ಯಂತ್ರವನ್ನು ಇನ್ನೂ ಕಂಡಿಲ್ಲ.
ಡಬ್ಬಿ ತಿರುವಿ ಸಣ್ಣಕ್ಷರ ಓದಿದೆ:
ಪಾಲ್ ಹಿಡಿಯುತ್ತದೋ, ಎನ್‌ಟಿಎಸ್‌ಸಿ ಮಾತ್ರವೋ,
ಡಿಶ್ ಪೆಟ್ಟಿಗೆಯ ಹಳದಿ ವೈರಿಗೆ ತೂತು ಉಂಟೋ,
ಸ್ಟೀರಿಯೋ ಅಂತ ಬರೆದು ಒಂದೇ ಕಿವಿಗೆ ಕೊಡುತ್ತದೋ.
ಹೊರಗೆ ಆಗಸ್ಟು. ಮನಾಮಾದ ಸೂಕಿನ ಓಣಿಯಲ್ಲಿ
ಗಾಳಿ ಹಿಂಡಿದರೆ ಅರ್ಧ ಲೋಟ ಉಪ್ಪುನೀರು.

ಟೀವಿಯನ್ನೇ ಕೊಳ್ಳಬಹುದಿತ್ತು. ಇಡುವುದೆಲ್ಲಿ?
ಗುದೈಬಿಯಾದ ನಮ್ಮ ಕೋಣೆಯಲ್ಲಿ ಕಪಾಟು ತೆರೆಯಲು
ಮಂಚದಲ್ಲಿದ್ದವರು ಕಾಲು ಮಡಚಬೇಕು.
ಮತ್ತೆ, ಟೀವಿ ಬಂದದ್ದನ್ನು ಬಂದ ಹೊತ್ತಿಗೇ ತೋರಿಸಿ ಮರೆಯುತ್ತದೆ.
ಊರಿನ ರಾತ್ರಿ ಒಂಬತ್ತು ಇಲ್ಲಿ ಸಂಜೆ ಆರೂವರೆ.
ಆರಕ್ಕೆ ಜಲಜಾಕ್ಷಿ ಆಸ್ಪತ್ರೆಗೆ ಹೊರಟಿರುತ್ತಾಳೆ,
ಏಳಕ್ಕೆ ನಾನು ಬಂದು ಚಪ್ಪಲಿ ಬಿಡುತ್ತೇನೆ.
ಬೆಳಿಗ್ಗೆ ನನ್ನ ವ್ಯಾನು ಹೋಗಿ ಒಂದೂವರೆ ಗಂಟೆಗೆ ಅವಳ ಬಸ್ಸು.
ದಿಂಬು ಒಂದೇ: ನಾನು ಬಿಟ್ಟ ಗುಳಿಯನ್ನು ಅವಳು ತಟ್ಟಿ ಸರಿಮಾಡುತ್ತಾಳೆ,
ಅವಳು ಬಿಟ್ಟ ಎಣ್ಣೆಯ ವಾಸನೆಗೆ ನಾನು ಮುಖ ಕೊಟ್ಟು ಮಲಗುತ್ತೇನೆ.
ಶುಕ್ರವಾರಕ್ಕೆ ಗಂಡ ಹೆಂಡತಿ,
ಅದೂ ಅವಳ ಡ್ಯೂಟಿ ಪಟ್ಟಿ ಒಪ್ಪಿದರೆ.

ಹಾಗಾಗಿ ಕೇಳಿದೆ: ಯಾರೂ ಇಲ್ಲದಾಗ ತಾನೇ ಎಚ್ಚರಾಗಿ
ಹೇಳಿದ ಹೊತ್ತಿನದನ್ನು ಹಿಡಿದಿಡುವುದು ಯಾವುದು?
ಸೈದಾಲವಿ ಮೊದಲ ಡಬ್ಬಿಯ ಮೇಲೆ ಬೆರಳಿಟ್ಟ.
ಹದಿನೆಂಟು ದಿನಾರು. ಹದಿನೈದೂವರೆಗೆ ಇಳಿಸಿದೆ.

ಮೊದಲ ರಾತ್ರಿ ವೈರನ್ನು ಕಿಟಕಿಗೆ ಕಟ್ಟಿ ಹುಡುಕಲು ಬಿಟ್ಟೆ.
ಸೆಕೆ ಹೆಪ್ಪುಗಟ್ಟಿದ ರಾತ್ರಿ ದೂರದ ಚಾನೆಲ್ಲುಗಳು
ಕಡಲ ಮೇಲೆ ಜಾರಿಕೊಂಡು ಬರುತ್ತವೆ.
ಇರಾನಿನ ಅಡುಗೆಯವಳೊಬ್ಬಳು ಬಂದಳು,
ಪಾತ್ರೆ ಬೋರಲು ಹಾಕಿ
ಅನ್ನದ ತಳದ ಹೊಂಬಣ್ಣದ ಹಕ್ಕಳೆ ತೋರಿಸಿ
ಮಂಜಾಗಿ ಹೋದಳು.
ಅದು ರೆಕಾರ್ಡ್ ಆಗಿದೆ ಅಂತ ನನಗೇ ತಿಳಿಯಲಿಲ್ಲ.
ಮರುದಿನ ಸಂಜೆ ಬಟ್ಟಲಲ್ಲಿ ಅನ್ನ,
ಬೋರಲು, ತಳ ಹಿಡಿಸಿದ್ದು.

ಧಾರಾವಾಹಿಗೆ ನಾನಿಟ್ಟ ಹೆಸರು ಬರೀ ನಂಬರು.
ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಅವಳು ಬದಲಿಸಿದಳು:
"ಭಾಗ ೩೧, ಹನ್ನೆರಡನೇ ನಿಮಿಷ, ಹಿಂದೆ ನಿಂತ ವಕೀಲ."
ನೋಡಿ ಮುಗಿಸಿದ್ದೆ, ಕಂಡಿರಲಿಲ್ಲ.
ಮತ್ತೆ ಹಾಕಿದೆ. ಕೊಲೆಯ ವಿಚಾರಣೆ ನಡೆಯುವಾಗ
ಅವನ ಆಕಳಿಕೆ, ಅದನ್ನು ನುಂಗುವ ಪಾಡು!
ರಾತ್ರಿ ಹತ್ತಕ್ಕೆ ಒಬ್ಬನೇ ನಕ್ಕೆ.
ಮಧ್ಯಾಹ್ನ ನಕ್ಕವಳು ಆಗ ವಾರ್ಡಿನಲ್ಲಿ
ಯಾರದೋ ಡ್ರಿಪ್ಪಿನ ಹನಿ ಎಣಿಸುತ್ತಿದ್ದಳು.

ಆಮೇಲೆ ಎಲ್ಲ ಅಲ್ಲೇ.
"ಭಾಗ ೩೫, ಗ್ಯಾಸ್ ಮುಗಿಯಿತು."
"ಭಾಗ ೩೮, ಕೆಮ್ಮಿನ ಔಷಧ ಫ್ರಿಜ್ಜಿನ ಮೇಲೆ."
"ಭಾಗ ೪೦, ತಮ್ಮನಿಗೆ ಹಣ ಕಳಿಸಿದೆ, ಹೇಳದೆ."
ಇದಕ್ಕೆ ನಾನು ಏನೂ ಸೇರಿಸಲಿಲ್ಲ.
"ಭಾಗ ೪೧, ಸಿಟ್ಟು ಬಂದಿದೆ."
ಸರಿ, ಇರಲಿ ಅಂತ ನಾನೂ ಬಿಗಿದುಕೊಂಡೆ.
೪೨. ೪೩. ೪೪. ಬೋಳು ನಂಬರು.

ಶುಕ್ರವಾರ ಚಹಾ ಸೋಸುತ್ತ ಹೇಳಿದಳು:
ಆ ಹಾಳು ಮಿಷನ್ನು ಹೆಸರಿನಲ್ಲಿ
ಪ್ರಶ್ನೆಯ ಕೊಕ್ಕೆ ಹಾಕಲು ಬಿಡುವುದಿಲ್ಲ.
ನಾನು ಕೇಳಿದ್ದು ಮಾರಾಯ್ರೆ,
ನಿಮಗೆ ಸಿಟ್ಟು ಬಂದಿದೆಯಾ ಅಂತ.

ಈಗ ಜಾಗ ಇಲ್ಲ, ಹಳೆಯದು ಅಳಿಸು ಅನ್ನುತ್ತಿದೆ.
ಸೈದಾಲವಿ ನಗುತ್ತ ವಿಚಾರಿಸಿದ, ಚಿತ್ರ ಹೇಗೆ ಬರ್ತದೆ?
ಮಂಜು ಉಂಟು, ಎಂದೆ,
ದೊಡ್ಡ ಡಿಸ್ಕಿಗೆ ಎಷ್ಟು ಹೇಳು.